ಎಕ್ಸ್ ಎಲ್ಲಿಲ್ಲ ಅನ್ನುವುದನ್ನು ಮೊದಲು ಹುಡುಕಿ

ಸ್ಕಾಟ್ಲೆಂಡ್ ಯಾರ್ಡ್ ಆಟದಲ್ಲಿ ಪತ್ತೇದಾರರ ಕಡೆ ಕೂತವರು ಹೆಚ್ಚಾಗಿ ಒಂದೇ ರೀತಿ ಸೋಲುತ್ತಾರೆ. ಮಿಸ್ಟರ್ ಎಕ್ಸ್ ಮುಖ ತೋರಿಸಿದ ತಕ್ಷಣ ಎಲ್ಲರೂ ಆ ಕಡೆಗೆ ನುಗ್ಗುತ್ತಾರೆ. ಇವರು ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಅವನು ಇನ್ನೆಲ್ಲೋ ಇರುತ್ತಾನೆ. ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಈ ಆಟ ಆಡುತ್ತೇವೆ. ನನಗೆ ಪತ್ತೇದಾರರ ಕಡೆಯೇ ಇಷ್ಟ. ಆ ಕಡೆಯಿಂದ ಗೆಲ್ಲುವುದಕ್ಕೆ ನಾನು ಮಾಡಿಕೊಂಡಿರುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ಅದು ಓಟದ ಕೆಲಸಕ್ಕಿಂತ ಲೆಕ್ಕದ ಕೆಲಸ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು 1983ರಲ್ಲಿ ಜರ್ಮನಿಯ ರಾವೆನ್ಸ್‌ಬರ್ಗರ್ ಕಂಪನಿ ತಂದ ಆಟ. ಅದೇ ವರ್ಷ ಅಲ್ಲಿನ ದೊಡ್ಡ ಪ್ರಶಸ್ತಿ 'ಶ್ಪೀಲ್ ಡೆಸ್ ಯಾರೆಸ್' ಇದಕ್ಕೆ ಸಿಕ್ಕಿತು. ನಮ್ಮ ದೇಶದಲ್ಲಿ ಫನ್‌ಸ್ಕೂಲ್ ಇದನ್ನು ಮಾರುತ್ತಾ ಬಂದಿದೆ. ಹಾಗಾಗಿ ಆಟಿಕೆ ಅಂಗಡಿಗೆ ಹೋಗುವ ಎಷ್ಟೋ ಮಕ್ಕಳಿಗೆ ಇದರ ಡಬ್ಬ ಗೊತ್ತು. ಬೋರ್ಡಿನ ಮೇಲೆ ಲಂಡನ್ ನಕ್ಷೆ ಇದೆ. ಅದರಲ್ಲಿ 1ರಿಂದ 199ರವರೆಗೆ ನಂಬರ್ ಹಾಕಿದ ನಿಲ್ದಾಣಗಳಿವೆ. ಟ್ಯಾಕ್ಸಿ ಎಲ್ಲ ಕಡೆ ಹೋಗುತ್ತದೆ, ಆದರೆ ಒಂದು ಹೆಜ್ಜೆ ಮಾತ್ರ. ಬಸ್ ಸ್ವಲ್ಪ ದೂರ ಹೋಗುತ್ತದೆ. ಅಂಡರ್‌ಗ್ರೌಂಡ್ ರೈಲು ಕೆಲವೇ ನಿಲ್ದಾಣಗಳಲ್ಲಿ ಸಿಗುತ್ತದೆ, ಆದರೆ ಊರಿನ ಈ ತುದಿಯಿಂದ ಆ ಕಡೆಗೆ ಬೇಗ ಎಸೆದುಬಿಡುತ್ತದೆ. ದಾಳ ಇಲ್ಲ. ಅದೃಷ್ಟದ ಕೆಲಸ ಶುರುವಿನಲ್ಲಿ ಜಾಗದ ಚೀಟಿ ಎತ್ತುವಾಗ ಮಾತ್ರ.

ಒಬ್ಬರು ಮಿಸ್ಟರ್ ಎಕ್ಸ್. ಉಳಿದವರು ಅವರನ್ನು ಹಿಡಿಯಬೇಕಾದ ಪತ್ತೇದಾರರು. ಎಕ್ಸ್ ತಮ್ಮ ನಡೆಯನ್ನು ಗುಟ್ಟಾಗಿ ಬರೆದು, ಅದರ ಮೇಲೆ ಟಿಕೆಟ್ ಮುಚ್ಚುತ್ತಾರೆ. ಯಾವ ಗಾಡಿ ಹತ್ತಿದರು ಅನ್ನುವುದು ನಮಗೆ ಕಾಣುತ್ತದೆ. ಎಲ್ಲಿ ಇಳಿದರು ಅನ್ನುವುದು ಕಾಣುವುದಿಲ್ಲ. ನಾವು ಆಡುವ ಸೆಟ್ಟಿನಲ್ಲಿ ಎಕ್ಸ್‌ಗೆ 24 ನಡೆ. 3, 8, 13, 18ನೇ ನಡೆಯಲ್ಲಿ ಅವರು ಬೋರ್ಡಿನ ಮೇಲೆ ಕಾಯಿ ಇಟ್ಟು ಮುಖ ತೋರಿಸಬೇಕು. ಉಳಿದ ಹೊತ್ತು ಕತ್ತಲೆ.

ನನ್ನ ಕೆಲಸ ಶುರುವಾಗುವುದು ಈ ಕತ್ತಲೆಯಲ್ಲಿ. ಒಂದು ರಫ್ ನೋಟ್‌ಬುಕ್ ಇಟ್ಟುಕೊಳ್ಳುತ್ತೇನೆ. ಎಕ್ಸ್ ಮುಖ ತೋರಿಸಿದ ನಂಬರ್ ಬರೆದು, ಅಲ್ಲಿಂದ ಮುಂದಿನ ಟಿಕೆಟ್‌ನಲ್ಲಿ ಹೋಗಬಹುದಾದ ಎಲ್ಲ ನಂಬರುಗಳನ್ನೂ ಬರೆಯುತ್ತೇನೆ. ಎಲ್ಲವನ್ನೂ ಬರೆಯಬೇಕು. 'ಈ ಕಡೆ ಹೋಗಿರಲಿಕ್ಕಿಲ್ಲ' ಅಂತ ಮನಸ್ಸಿನಲ್ಲೇ ಒಂದನ್ನು ಬಿಟ್ಟರೆ ಆ ಪಟ್ಟಿ ಮುಗಿದ ಹಾಗೆ. ಅವನು ಇರುವುದು ಅಲ್ಲೇ ಆಗಿದ್ದರೆ, ಆಮೇಲಿನ ಲೆಕ್ಕವೆಲ್ಲ ಸುಮ್ನೆ.

ಒಂದು ಉದಾಹರಣೆ ನೋಡಿ. ಬೋರ್ಡ್ ಎದುರಿಗೆ ಇಟ್ಟುಕೊಂಡರೆ ಇನ್ನೂ ಚೆನ್ನ. ಎಕ್ಸ್ 3ನೇ ನಡೆಯಲ್ಲಿ 67ರಲ್ಲಿ ಕಾಣಿಸಿಕೊಂಡ. ಮುಂದಿನ ಟಿಕೆಟ್ ಅಂಡರ್‌ಗ್ರೌಂಡ್. 67ರಿಂದ ರೈಲು ಹೋಗುವುದು 13, 79, 89, 111ಕ್ಕೆ. ನಾಲ್ಕು ಜಾಗ. ಆ ಹೊತ್ತಿಗೆ 111ರಲ್ಲಿ ನಮ್ಮವರೊಬ್ಬರು ನಿಂತಿದ್ದರು ಅಂದುಕೊಳ್ಳಿ. ಪತ್ತೇದಾರ ಇರುವ ಜಾಗಕ್ಕೆ ಎಕ್ಸ್ ಹೋಗುವ ಹಾಗಿಲ್ಲ, 111 ಹೊಡೆದುಹಾಕಿದೆವು. ನಮ್ಮ ಸರದಿಯಲ್ಲಿ ಇನ್ನೊಬ್ಬರು 89ಕ್ಕೆ ಹೋಗಿ ನಿಂತರು. ಅವನು ಸಿಗಲಿಲ್ಲ. 89 ಕೂಡ ಹೋಯಿತು. ಉಳಿದದ್ದು 13 ಮತ್ತು 79.

ಆಮೇಲೆ ಎಕ್ಸ್ ಟ್ಯಾಕ್ಸಿ ತೆಗೆದ. 13ರಿಂದ ಟ್ಯಾಕ್ಸಿಯಲ್ಲಿ 4, 14, 23, 24. 79ರಿಂದ 62, 63, 78, 98. ಮತ್ತೆ ಎಂಟು ಜಾಗ. ಇಲ್ಲಿ ಹೊಸಬರು ಕೈಚೆಲ್ಲುತ್ತಾರೆ. ಆದರೆ ಅದರ ಮುಂದಿನ ಟಿಕೆಟ್ ಬಸ್ ಆದರೆ ಏನಾಗುತ್ತದೆ? 4, 24, 62, 98ರಲ್ಲಿ ಬಸ್ ನಿಲ್ಲುವುದೇ ಇಲ್ಲ. ಅಂದರೆ ಅವನು ಹಿಂದಿನ ಸರದಿಯಲ್ಲಿ ಆ ನಾಲ್ಕರಲ್ಲಿ ಇರಲೇ ಇಲ್ಲ. ಈಗಿನ ಟಿಕೆಟ್ ಹಳೆಯ ಪಟ್ಟಿಯನ್ನು ಅರ್ಧಕ್ಕೆ ಇಳಿಸಿತು! ಈ ಆಟದಲ್ಲಿ ನನಗೆ ತುಂಬ ಇಷ್ಟವಾಗುವ ಗಳಿಗೆ ಇದು. ಮುಂದಿನ ಜಾಗ ಹುಡುಕುವ ಮೊದಲು ಹಿಂದಿನ ಸಾಲಿಗೆ ಹೋಗಿ ಹೊಡೆದುಹಾಕಬೇಕು, ಆಮೇಲೆ ಉಳಿದವುಗಳಿಂದ ಮುಂದಕ್ಕೆ ಬರೆಯಬೇಕು. ಎಷ್ಟೋ ಜನ ಮುಂದಕ್ಕೆ ಮಾತ್ರ ಬರೆಯುತ್ತಾರೆ, ಹಿಂದಕ್ಕೆ ನೋಡುವುದಿಲ್ಲ. ಅವರ ಪಟ್ಟಿ ಊದಿಕೊಳ್ಳುತ್ತಲೇ ಹೋಗುತ್ತದೆ.

ನಮ್ಮ ಮಗಳು ಇದನ್ನು ನನಗಿಂತ ಬೇಗ ಮಾಡುತ್ತಾಳೆ. ಭಾವ ಎಕ್ಸ್ ಆಗಿದ್ದಾಗ ಒಮ್ಮೆ ನಾವೆಲ್ಲ 24ರ ಕಡೆಗೆ ಹೊರಟಿದ್ದೆವು. ಅವಳು ಕೂತಲ್ಲೇ ಹೇಳಿದಳು, "ಅಮ್ಮ, ದೊಡ್ಡಪ್ಪ 24ರಲ್ಲಿ ಇರೋಕೆ ಆಗಲ್ಲ. ಈಗ ಬಸ್ ಟಿಕೆಟ್ ಕೊಟ್ರಲ್ವಾ?" ಭಾವ ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

ಆ ಟೋಪಿಯ ಮಾತು ಹೇಳಲೇಬೇಕು. ಡಬ್ಬದಲ್ಲಿ ಎಕ್ಸ್‌ಗೆ ಅಂತಲೇ ಒಂದು ಕಣ್ಣಿನ ಮರೆ ಕೊಡುತ್ತಾರೆ. ಅದು ಅಲಂಕಾರಕ್ಕಲ್ಲ. ಮನುಷ್ಯನ ಕಣ್ಣು ತಾನು ಇರುವ ಜಾಗಕ್ಕೂ ಹೋಗಬೇಕೆಂದಿರುವ ಜಾಗಕ್ಕೂ ಮತ್ತೆಮತ್ತೆ ಹೋಗುತ್ತದೆ. ಮರೆ ಇಲ್ಲದೆ ಆಡಿದರೆ ಪಟ್ಟಿಯೇ ಬೇಡ, ಕಣ್ಣು ನೋಡಿದರೆ ಸಾಕು. ನಾನು ಎಕ್ಸ್ ಆದಾಗ ಯೋಚಿಸುವ ಹೊತ್ತಿನಲ್ಲಿ ಬೋರ್ಡಿನ ಮೂಲೆಗಳನ್ನೂ ಒಂದೊಂದಾಗಿ ನೋಡುತ್ತೇನೆ, ಎಲ್ಲ ಕಡೆಗೂ ಅಷ್ಟೇ ಹೊತ್ತು.

ಪಟ್ಟಿ ಒಂದು ಕಡೆಯಾದರೆ, ಕಾಯಿಗಳನ್ನು ಎಲ್ಲಿ ನಿಲ್ಲಿಸುತ್ತೇವೆ ಅನ್ನುವುದು ಇನ್ನೊಂದು ಕಡೆ. ಎಕ್ಸ್ ಮುಖ ತೋರಿಸುವ ಸರದಿಗೆ ಮೊದಲೇ ನಮ್ಮವರು ಅಂಡರ್‌ಗ್ರೌಂಡ್ ನಿಲ್ದಾಣಗಳಲ್ಲಿ ಇರಬೇಕು. ಅವನು ಎಲ್ಲಿ ಕಾಣಿಸಿಕೊಂಡರೂ ಒಂದು ರೈಲಿನಲ್ಲಿ ಹತ್ತಿರ ಹೋಗುವ ಹಾಗಿರಬೇಕು. ಅದಕ್ಕೂ ಎಲ್ಲ ನಿಲ್ದಾಣ ಒಂದೇ ಅಲ್ಲ. 1 ಮತ್ತು 74ರಿಂದ ರೈಲು ಹೋಗುವುದು 46ಕ್ಕೆ ಮಾತ್ರ. 93ರಿಂದ 79ಕ್ಕೆ ಮಾತ್ರ. ಅಲ್ಲಿ ನಿಂತರೆ ಅರ್ಧ ಕೈ ಕಟ್ಟಿದ ಹಾಗೆ. 46, 67, 79, 89, 111, 153 ಇವುಗಳಿಂದ ಹಲವು ಕಡೆಗೆ ದಾರಿಯಿದೆ. ನಾನು ಇವುಗಳಲ್ಲಿ ಬೋರ್ಡಿನ ಬೇರೆಬೇರೆ ಭಾಗಕ್ಕೆ ಸೇರಿದವನ್ನು ಹಂಚಿಕೊಳ್ಳಲು ಹೇಳುತ್ತೇನೆ. ಒಂದೇ ನಿಲ್ದಾಣದಲ್ಲಿ ಇಬ್ಬರು ಪತ್ತೇದಾರರು ನಿಲ್ಲುವ ಹಾಗಿಲ್ಲ, ಅಕ್ಕಪಕ್ಕ ಗುಂಪುಗೂಡಿದರೆ ನಮ್ಮವರೇ ನಮ್ಮ ದಾರಿ ಮುಚ್ಚುತ್ತಾರೆ.

ಮುಖ ತೋರಿಸಿದ ಮೇಲೆ ಎಲ್ಲರೂ ಅವನ ಕಡೆಗೆ ಹೋಗುವುದಿಲ್ಲ. ಒಬ್ಬರೋ ಇಬ್ಬರೋ ಒಳಗೆ ನುಗ್ಗುತ್ತಾರೆ. ಉಳಿದವರು ಹೊರಗಿನ ದಾರಿಗಳಲ್ಲಿ, ಮುಖ್ಯವಾಗಿ ಹತ್ತಿರದ ರೈಲು ನಿಲ್ದಾಣದಲ್ಲಿ ನಿಲ್ಲುತ್ತಾರೆ. ನಮ್ಮ ಆಡು ಹುಲಿ ಆಟ ಆಡಿದವರಿಗೆ ಇದು ಹೊಸದೇನಲ್ಲ. ಆಡುಗಳು ಹುಲಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಅದು ಕದಲದ ಹಾಗೆ ಸುತ್ತಲ ಮನೆಗಳನ್ನು ತುಂಬುತ್ತಾ ಬರುತ್ತವೆ. ಅಲ್ಲಿ ಹುಲಿ ಕಣ್ಣೆದುರೇ ಇರುತ್ತದೆ, ಇಲ್ಲಿ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಸುತ್ತುವರಿಯಬೇಕಾದದ್ದು ಒಂದು ನಿಲ್ದಾಣವನ್ನಲ್ಲ, ಪಟ್ಟಿಯಲ್ಲಿರುವ ಎಲ್ಲ ನಿಲ್ದಾಣಗಳನ್ನೂ. ಒಂದು ಕಾಯಿ ಎಲ್ಲಿಗೆ ಹೋದರೆ ಜಾಸ್ತಿ ನಂಬರು ಅಳಿಸಬಹುದು, ಅಥವಾ ಅವನ ಮುಂದಿನ ಜಾಸ್ತಿ ದಾರಿ ಮುಚ್ಚಬಹುದು? ನಾನು ಕೇಳುವ ಪ್ರಶ್ನೆ ಅದು. 'ಅವನು ಖಂಡಿತ ಇಲ್ಲೇ ಇದ್ದಾನೆ' ಅನ್ನುವ ಮಾತಿಗೆ ಪಟ್ಟಿ ನಾಲ್ಕೈದು ನಂಬರಿಗೆ ಇಳಿಯುವ ತನಕ ಬೆಲೆ ಕೊಡುವುದಿಲ್ಲ.

ಟಿಕೆಟ್ ಲೆಕ್ಕ ಮರೆಯಬಾರದು. ನಮ್ಮ ಸೆಟ್ಟಿನಲ್ಲಿ ಪ್ರತಿ ಪತ್ತೇದಾರನಿಗೆ 10 ಟ್ಯಾಕ್ಸಿ, 8 ಬಸ್, 4 ಅಂಡರ್‌ಗ್ರೌಂಡ್. ನಾವು ಬಳಸಿದ ಟಿಕೆಟ್ ನೇರ ಎಕ್ಸ್ ಕೈಗೆ ಹೋಗುತ್ತದೆ. ನಾನು ರೈಲು ಹತ್ತಿದರೆ ಅವನಿಗೂ ಒಂದು ರೈಲು ಪ್ರಯಾಣ ಕೊಟ್ಟ ಹಾಗಾಯಿತು. ನಾಲ್ಕು ರೈಲು ಟಿಕೆಟ್ ನಾಲ್ಕು ಮುಖ ತೋರಿಸುವ ಸರದಿಗೆ ಸರಿಹೋಗುತ್ತದೆ, ಅದಕ್ಕೇ ನಡುವೆ ಸುಮ್ಮನೆ ಖರ್ಚು ಮಾಡಬೇಡಿ ಅಂತ ಮಕ್ಕಳಿಗೆ ಹೇಳುತ್ತಿರುತ್ತೇನೆ. ಕೊನೆಯ ಸರದಿಗಳಲ್ಲಿ ಟ್ಯಾಕ್ಸಿ ಖಾಲಿಯಾಗಿ, ಎಕ್ಸ್ ಪಕ್ಕದ ನಿಲ್ದಾಣದಲ್ಲೇ ಇದ್ದರೂ ಕದಲಲಾಗದೆ ಕೂರುವುದಕ್ಕಿಂತ ಸಂಕಟ ಈ ಆಟದಲ್ಲಿ ಬೇರೆ ಇಲ್ಲ.

ಇನ್ನು ಕಪ್ಪು ಟಿಕೆಟ್. ಅದನ್ನು ಮುಚ್ಚಿದರೆ ಎಕ್ಸ್ ಯಾವ ಗಾಡಿಯಲ್ಲಿ ಹೋದ ಅನ್ನುವುದೂ ಗೊತ್ತಾಗುವುದಿಲ್ಲ. ಥೇಮ್ಸ್ ನದಿಯ ದೋಣಿಗೂ ಅದೇ ಟಿಕೆಟ್. ದೋಣಿ ನಿಲ್ಲುವುದು 108, 115, 157, 194ರಲ್ಲಿ. ಪಟ್ಟಿಯಲ್ಲಿ ಇವುಗಳಲ್ಲಿ ಒಂದಿದ್ದು ಕಪ್ಪು ಟಿಕೆಟ್ ಬಿದ್ದರೆ, ದೋಣಿಯ ಮುಂದಿನ ನಿಲ್ದಾಣವನ್ನೂ ಬರೆದುಕೊಳ್ಳಬೇಕು. ಒಳ್ಳೆಯ ಎಕ್ಸ್ ಕಪ್ಪು ಟಿಕೆಟ್ ಹಾಕುವುದು ಮುಖ ತೋರಿಸಿದ ಕೂಡಲೇ, ಅದೂ ಮೂರು ಗಾಡಿಗಳೂ ನಿಲ್ಲುವ ಜಾಗದಿಂದ. ಆಗ ಪಟ್ಟಿ ಒಮ್ಮೆಲೇ ಹಿಗ್ಗುತ್ತದೆ. ಟ್ಯಾಕ್ಸಿ ಮಾತ್ರ ಇರುವ ಮೂಲೆಯಲ್ಲಿ ನಿಂತು ಕಪ್ಪು ಟಿಕೆಟ್ ಹಾಕಿದರೆ ನಮಗೆ ಏನೂ ನಷ್ಟವಿಲ್ಲ. ಒಂದೇ ಸರದಿಯಲ್ಲಿ ಎರಡು ಸಲ ನಡೆಯುವ ಡಬಲ್ ನಡೆಯೂ ಹೀಗೇ. ಮೊದಲರ್ಧದಲ್ಲಿ ಮುಖ ತೋರಿಸಿ, ಎರಡನೇ ಅರ್ಧದಲ್ಲಿ ಜಾಗ ಬಿಡುವವನನ್ನು ಹಿಡಿಯುವುದು ಕಷ್ಟ. ಎಕ್ಸ್ ಆದಾಗ ನಾನು ಆ ಎರಡನ್ನೂ ಅದಕ್ಕೇ ಉಳಿಸಿಕೊಳ್ಳುತ್ತೇನೆ.

ಮಾತಿನ ವಿಷಯ ಒಂದಿದೆ. ಪತ್ತೇದಾರರು ಬಾಯಿ ಬಿಟ್ಟು ಚರ್ಚೆ ಮಾಡಬೇಕು, ಎಕ್ಸ್ ಅದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ಕೆಲವರು ಪಿಸುಗುಡುತ್ತಾರೆ, ಬೇರೆ ರೂಮಿಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬಿಡುವುದಿಲ್ಲ. ಎಕ್ಸ್ ಕೇಳಿಸಿಕೊಳ್ಳಲಿ. ಲೆಕ್ಕ ಸರಿಯಿದ್ದರೆ ಕೇಳಿಸಿಕೊಂಡೂ ಅವನಿಗೆ ದಾರಿ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ದೊಡ್ಡವರೊಬ್ಬರು ಎಲ್ಲರ ಕಾಯಿಯನ್ನೂ ತಾವೇ ನಡೆಸುವುದು. ಮಕ್ಕಳು ಆಗ ಬರೀ ಕಾಯಿ ಸರಿಸುವವರಾಗುತ್ತಾರೆ. ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಸರದಿ ಶುರುವಾದಾಗ ಚಿಕ್ಕವರು ಮೊದಲು ತಮ್ಮ ಅಂದಾಜು ಹೇಳಬೇಕು, ಆಮೇಲೆ ದೊಡ್ಡವರು. ಕೊನೆಯ ತೀರ್ಮಾನ ಆ ಕಾಯಿ ಯಾರದೋ ಅವರದ್ದೇ. ಆಟ ಮುಗಿದ ಮೇಲೆ ಎಕ್ಸ್ ಬರೆದದ್ದನ್ನು ತೆರೆದು, ಮೊದಲ ನಡೆಯಿಂದ ಬೋರ್ಡಿನ ಮೇಲೆ ನಡೆಸಿ ನೋಡುತ್ತೇವೆ. ನಮ್ಮ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಎಷ್ಟು ಹತ್ತಿರ ಇದ್ದೆವು ಅಂತ ಗೊತ್ತಾಗುತ್ತದೆ. ಮಕ್ಕಳು ಕಲಿಯುವುದು ಅಲ್ಲೇ.

ಇದೇ ಜಾತಿಯ ಬೇರೆ ಆಟಗಳಿಗೂ ನೋಟ್‌ಬುಕ್ ಕೊಂಡೊಯ್ದಿದ್ದೇನೆ. 1987ರಲ್ಲಿ ಗೇಮ್ಸ್ ವರ್ಕ್‌ಶಾಪ್ ತಂದ ಫ್ಯೂರಿ ಆಫ್ ಡ್ರಾಕುಲಾದಲ್ಲಿ ಯೂರೋಪಿನ ನಕ್ಷೆ ಇದೆ. ಅಲ್ಲಿ ಹೋರಾಟ, ಆಯುಧ ಎಲ್ಲ ಸೇರಿಕೊಂಡು ಲೆಕ್ಕಕ್ಕಿರುವ ಜಾಗ ಕಡಿಮೆಯಾಗುತ್ತದೆ. ನನಗೆ ಅಷ್ಟು ಹಿಡಿಸಲಿಲ್ಲ. ಹಿಡಿಸಿದ್ದು 2011ರ ಲೆಟರ್ಸ್ ಫ್ರಂ ವೈಟ್‌ಚಾಪೆಲ್. ಗೇಬ್ರಿಯೆಲೆ ಮಾರಿ ಮತ್ತು ಜಾನ್‌ಲುಕಾ ಸಾಂಟೊಪಿಯೆಟ್ರೊ ಮಾಡಿದ ಆಟ. 1888ರ ಲಂಡನ್ನಿನ ನಿಜವಾದ ಕೊಲೆಗಳ ಮೇಲೆ ಕಟ್ಟಿದ್ದು. ಸತ್ತವರು ನಿಜವಾದ ಹೆಂಗಸರು, ಬಡವರು. ಅದು ನೆನಪಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳ ಜೊತೆ ಇದನ್ನು ನಾನು ತೆಗೆಯುವುದಿಲ್ಲ.

ಆಟದ ಲೆಕ್ಕ ಮಾತ್ರ ತುಂಬ ಆಳ. ಇಲ್ಲಿ ತಪ್ಪಿಸಿಕೊಳ್ಳುವವನು ಕೊಲೆಗಾರ ಜ್ಯಾಕ್ ದಿ ರಿಪ್ಪರ್, ಅವನು ಮುಖ ತೋರಿಸುವುದೇ ಇಲ್ಲ. ಕೊಲೆಯಾದ ಜಾಗ ಗೊತ್ತಾಗುತ್ತದೆ, ಅಲ್ಲಿಂದ ಅವನು ತನ್ನ ಗುಟ್ಟಿನ ಮನೆಗೆ ಹೋಗಬೇಕು. ಪೊಲೀಸರು ತಮ್ಮ ಪಕ್ಕದ ಒಂದೊಂದು ನಂಬರ್ ಹೇಳಿ ಕೇಳುತ್ತಾರೆ, ಈ ರಾತ್ರಿ ಇಲ್ಲಿಗೆ ಬಂದಿದ್ದನಾ ಅಂತ. ಹೌದು ಅಂದರೆ ಸುಳಿವು ಸಿಕ್ಕಿತು. ಆದರೆ ಯಾವಾಗ ಬಂದಿದ್ದ ಅಂತ ಹೇಳುವುದಿಲ್ಲ. ಅಥವಾ ಸುಳಿವು ಕೇಳುವುದನ್ನು ಬಿಟ್ಟು, ಒಂದೇ ನಂಬರ್ ಹೇಳಿ ಬಂಧಿಸಲು ನೋಡಬಹುದು. ಹೀಗೆ ನಾಲ್ಕು ರಾತ್ರಿ. ಮನೆ ಮಾತ್ರ ನಾಲ್ಕೂ ರಾತ್ರಿ ಒಂದೇ.

ಇಲ್ಲಿ ನಾನು ಎರಡು ಪಟ್ಟಿ ಇಡುತ್ತೇನೆ. ಒಂದು, ಜ್ಯಾಕ್ ಈಗ ಎಲ್ಲಿರಬಹುದು ಅನ್ನುವುದು. ಇನ್ನೊಂದು, ಮನೆ ಎಲ್ಲಿರಬಹುದು ಅನ್ನುವುದು. ಎರಡನೆಯದೇ ಮುಖ್ಯ. ಅವನು ಎಷ್ಟು ನಡೆಯಲ್ಲಿ ಮನೆ ಸೇರಿದ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಆರು ನಡೆಯಲ್ಲಿ ಸೇರಿದರೆ, ಮನೆ ಕೊಲೆಯ ಜಾಗದಿಂದ ಆರು ಹೆಜ್ಜೆಯೊಳಗೆ ಇರಲೇಬೇಕು. ಕುದುರೆಗಾಡಿ, ಓಣಿ ಬಳಸಿದ್ದರೆ ಆ ಲೆಕ್ಕ ಸೇರಿಸಬೇಕು. ಎರಡನೇ ರಾತ್ರಿ ಇನ್ನೊಂದು ಜಾಗದಿಂದ ಇನ್ನೊಂದು ವೃತ್ತ ಸಿಗುತ್ತದೆ. ಎರಡೂ ಸೇರುವ ಕಡೆ ಗೆರೆ ಎಳೆಯುತ್ತೇನೆ. ಮೂರನೇ ರಾತ್ರಿ ಮುಗಿಯುವ ಹೊತ್ತಿಗೆ ಸಾಮಾನ್ಯವಾಗಿ ಕೆಲವೇ ಬೀದಿಗಳು ಉಳಿದಿರುತ್ತವೆ. ಆದ್ದರಿಂದ ನಾಲ್ಕನೇ ರಾತ್ರಿ ಕೊಲೆ ಎಲ್ಲಿ ಆದರೂ ನಮ್ಮ ಕಾಯಿಗಳನ್ನು ಆ ಕಡೆ ಓಡಿಸುವುದಿಲ್ಲ. ಆ ಬೀದಿಗಳ ಬಾಯಲ್ಲಿ ತಂದು ನಿಲ್ಲಿಸಿ, ಅವನು ಬರುವುದನ್ನು ಕಾಯುತ್ತೇವೆ.