ಗೋಡೆ ಮೇಲಿನ ಮಚ್ಚೆ ಕೊನೆಗೂ ನಿಂತಿತು: ನನ್ನ ಅನುಭವ

"ಏನ್ರೀ, ಗ್ವಾಡಿಗೆ ನೀರು ಇಳಿದಂಗ ಕಾಣಸ್ತದಲ್ಲ!" ಹುಬ್ಬಳ್ಳಿಯ ಬಿಲ್ಡರ್ ಒಬ್ಬರು ನನ್ನ ವಾಕ್‌ಥ್ರೂ (ಮನೆಯೊಳಗೆ ನಡೆದಾಡಿದಂತೆ ತೋರಿಸುವ ಕಂಪ್ಯೂಟರ್ ವಿಡಿಯೊ) ನೋಡಿ ಆಡಿದ ಮೊದಲ ಮಾತಿದು. 40 ಸೆಕೆಂಡಿನ ಕೆಲಸ, ಸೆಕೆಂಡಿಗೆ 25ರಂತೆ ಸಾವಿರ ಫ್ರೇಮು. ಸೋಫಾ ಹಿಂದಿನ ಬಿಳಿ ಗೋಡೆ, ಫಾಲ್ಸ್ ಸೀಲಿಂಗಿನ ಮೂಲೆ, ಎಲ್ಲೆಡೆ ಬೂದು ಮಚ್ಚೆ. ಸ್ಟಿಲ್‌ನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಓಡಿಸಿದರೆ ಇರುವೆ ಮುತ್ತಿದ ಹಾಗೆ ಹರಿದಾಡುತ್ತವೆ.

3ಡಿ ಮಾದರಿಯನ್ನು ಚಿತ್ರವಾಗಿಸುವ, ಅಂದರೆ ರೆಂಡರ್ ಮಾಡುವ ತಂತ್ರಾಂಶ ವಿ-ರೇಯಲ್ಲಿ ಇರ್ರೇಡಿಯನ್ಸ್ ಮ್ಯಾಪನ್ನು (ಪುಟಿದ ಬೆಳಕನ್ನು ಕೆಲವು ಬಿಂದುಗಳಲ್ಲಷ್ಟೇ ಲೆಕ್ಕ ಹಾಕಿ ನಡುವಿನದನ್ನು ಅಂದಾಜಿಸುವ ವಿಧಾನ) ಸಿಂಗಲ್ ಫ್ರೇಮ್‌ನಲ್ಲೇ ಬಿಟ್ಟಿದ್ದೆ. ಪ್ರತಿ ಫ್ರೇಮಿಗೂ ಹೊಸ ಲೆಕ್ಕ, ಹೊಸ ಮಚ್ಚೆ. ಪ್ರತಿ ಬಿಂದುವಿನಿಂದ ಎಷ್ಟು ಕಿರಣ ಬಿಡಬೇಕೆಂದು ಹೇಳುವ ಹೆಮಿಸ್ಫೆರಿಕ್ ಸಬ್‌ಡಿವ್ಸ್ 50ರಿಂದ 120ಕ್ಕೆ ಏರಿಸಿದೆ. ಸಮಯ ಎರಡರಷ್ಟಾಯಿತು, ಮಚ್ಚೆ ಸಣ್ಣದಾಯಿತು, ಓಡಾಟ ನಿಲ್ಲಲಿಲ್ಲ. ಬಿಂದುಗಳನ್ನು ಬೆರೆಸಿ ನುಣುಪಾಗಿಸುವ ಇಂಟರ್‌ಪೊಲೇಶನ್ 60 ಮಾಡಿದೆ. ಗೋಡೆ ನುಣುಪಾಯಿತು, ಆದರೆ ಸೋಫಾ ಕಾಲಿನ ಕೆಳಗಿನ ನೆರಳೇ ಮಾಯವಾಗಿ ಸೋಫಾ ನೆಲ ಬಿಟ್ಟು ತೇಲತೊಡಗಿತು. ಚಿತ್ರದ ಕಲೆ ಒರೆಸುವ ಡಿನಾಯ್ಸರ್ ಹಾಕಿದರೆ ಮಚ್ಚೆ ಮೆತ್ತಗಾಗಿ ಅಲ್ಲೇ ತೆವಳಿತು.

ಗೆಳೆಯರದು ಒಂದೇ ಮಾತು: ಬ್ರೂಟ್ ಫೋರ್ಸ್ (ಅಂದಾಜಿಲ್ಲದೆ ಪ್ರತಿ ಬಿಂದುವಿಗೂ ಲೆಕ್ಕ) ಹಾಕು, ಇರ್ರೇಡಿಯನ್ಸ್ ಮ್ಯಾಪಿನ ಕಾಲ ಮುಗೀತು. ಹಾಕಿ ನೋಡಿದೆ. ನನ್ನ 12 ಕೋರ್ ಮಶೀನಿನಲ್ಲಿ ಫ್ರೇಮಿಗೆ ಹೆಚ್ಚುಕಮ್ಮಿ 40 ನಿಮಿಷ, ಅಂದರೆ ಸುಮಾರು 28 ದಿನ. ರೆಂಡರ್ ಮಾಡಲು ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುವ ರೆಂಡರ್ ಫಾರ್ಮಿನವರು 60 ಸಾವಿರದ ಮೇಲೆ ಕೇಳಿದರು. ಕೆಲಸದ ಒಟ್ಟು ಮೊತ್ತವೇ 85 ಸಾವಿರ!

ಬಿಟ್ಟುಬಿಡೋಣ ಅನ್ನಿಸಿದಾಗ ಮಾದರಿಯನ್ನು ಬರೀ ಗೆರೆಗಳಲ್ಲಿ ತೋರಿಸುವ ವೈರ್‌ಫ್ರೇಮಿನಲ್ಲಿ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಹತ್ತಿರ ಹೋಗಿ ನೋಡಿದೆ. ಮಾದರಿ ಕಟ್ಟುವ ತಂತ್ರಾಂಶ ಸ್ಕೆಚಪ್‌ನಿಂದ ಬಂದ ಗೋಡೆಗಳೆಲ್ಲ ಒಂದೇ ಹಾಳೆ, ದಪ್ಪವೇ ಇಲ್ಲ. ಹೊರಗಿನ ಬೆಳಕು ಮೂಲೆಯಲ್ಲಿ ಒಳಕ್ಕೆ ಸೋರುತ್ತಿತ್ತು. ಹೊರಗೋಡೆಗೆ 9 ಇಂಚು, ಒಳಗಿನವಕ್ಕೆ ನಾಲ್ಕೂವರೆ ಇಂಚು ದಪ್ಪ ಕೊಟ್ಟೆ. ಬೆಳಕು ಅತಿಯಾಗಿ ಪುಟಿಯದಿರಲಿ ಅಂತ, ಗೋಡೆಯ ಬಣ್ಣದಲ್ಲಿ ಗರಿಷ್ಠ 255 ಇದ್ದ ಬಿಳಿಯನ್ನು 200ರ ಆಸುಪಾಸಿಗೆ ಇಳಿಸಿದೆ. ಅರ್ಧ ಮಚ್ಚೆ ಅಲ್ಲೇ ಹೋಯಿತು.

ಮುಂದಿನದು ಹಳೆಯ ದಾರಿಯೇ. ಬೆಳಕಿನ ಮುಂದಿನ ಪುಟಿತಗಳ ಲೆಕ್ಕ ಇಡುವ ಲೈಟ್ ಕ್ಯಾಶ್ 3000. ಹಿಂದಿನ ಫ್ರೇಮಿನ ಮ್ಯಾಪಿಗೇ ಹೊಸದನ್ನು ಸೇರಿಸುತ್ತ ಹೋಗುವ ಮಲ್ಟಿಫ್ರೇಮ್ ಇನ್‌ಕ್ರಿಮೆಂಟಲ್‌ನಲ್ಲಿ ಚಿತ್ರ ರೆಂಡರ್ ಮಾಡದೆ, 10 ಫ್ರೇಮಿಗೊಂದರಂತೆ ಬರೀ ಮ್ಯಾಪ್ ಲೆಕ್ಕ ಹಾಕಿಸಿ ಫೈಲಿಗೆ ಉಳಿಸಿದೆ. ಒಂದು ರಾತ್ರಿಯ ಕೆಲಸ. ಕ್ಯಾಮೆರಾ ಜೋರಾಗಿ ತಿರುಗುವ ಅಡುಗೆಮನೆ ಬಾಗಿಲ ಹತ್ತಿರ ಮಾತ್ರ 4 ಫ್ರೇಮಿಗೊಂದು. ಆಮೇಲೆ ಉಳಿಸಿದ ಮ್ಯಾಪನ್ನೇ ಬಳಸುವ ಫ್ರಮ್ ಫೈಲ್ ಇಟ್ಟು ಫೈನಲ್ ಬಿಟ್ಟೆ: ಫ್ರೇಮಿಗೆ ಆರೇಳು ನಿಮಿಷ, ನಾಲ್ಕೂವರೆ ದಿನಕ್ಕೆ ಎಲ್ಲ ಮುಗಿಯಿತು. ನಡುವೆ ಎರಡು ಸಲ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇದ್ದದ್ದರಿಂದ ನಿಂತ ಫ್ರೇಮಿನಿಂದಲೇ ಮುಂದುವರಿಸಿದೆ.

ತೊಡಕು ಕೊಟ್ಟದ್ದು ಸೀಲಿಂಗ್ ಫ್ಯಾನ್. ತಿರುಗುವ ರೆಕ್ಕೆಯ ನೆರಳು ಮ್ಯಾಪಿನಲ್ಲಿ ಅಚ್ಚಾಗಿ ಸೀಲಿಂಗ್ ಮೇಲೆ ಹೊಗೆ ಹಿಡಿದಂತಾಗಿತ್ತು. ಫ್ಯಾನಿನ ಪ್ರಾಪರ್ಟೀಸ್‌ನಲ್ಲಿ 'ವಿಸಿಬಲ್ ಟು ಜಿಐ' (ಪುಟಿದ ಬೆಳಕಿನ ಲೆಕ್ಕಕ್ಕೆ ಸೇರಿಸುವ ಆಯ್ಕೆ) ತೆಗೆದು, ಫ್ಯಾನನ್ನು ಬೇರೆ ಪಾಸ್‌ನಲ್ಲಿ (ಪ್ರತ್ಯೇಕ ರೆಂಡರ್) ಬ್ರೂಟ್ ಫೋರ್ಸ್‌ನಿಂದ ಮಾಡಿ ಕೂಡಿಸಿದೆ. ದೇವರಮನೆಯ ದೀಪ ಮಿಣುಕಲಿ ಅಂತ ಎರಡು ದಿನ ಒದ್ದಾಡಿದೆ. ಮ್ಯಾಪ್ ಸ್ಥಿರ, ಮಿಣುಕು ಅದರಲ್ಲಿ ಕೂರುವುದಿಲ್ಲ. ಕೊನೆಗೆ ಅದನ್ನೂ ಬೇರೆ ಪಾಸ್‌ನಲ್ಲೇ ತಂದೆ. ಸೀಲಿಂಗಿನ ಅಂಚಿನಲ್ಲಿ ಅಡಗಿಸಿಟ್ಟ ಕೋವ್ ಲೈಟಿನ ಅಂಚು ಅಷ್ಟು ಶುಭ್ರವಾಗಿ ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದೊಂದನ್ನು ಹೇಳಲಾರೆ, ನನ್ನ ಅನ್ನ ಅದರಲ್ಲಿದೆ.

ಬಿಲ್ಡರ್ ಈ ಸಲ ಟಿವಿಗೆ ಹಾಕಿ ಎರಡು ಸಲ ನೋಡಿದರು. ಗೋಡೆಯ ಮಾತೇ ಬರಲಿಲ್ಲ, ಸೋಫಾ ಎಲ್ಲಿ ಸಿಗುತ್ತದೆ ಅಂತ ಕೇಳಿದರು.