ಎದೆ ಕೆಂಪಾಗಿ ಊದಿದರೆ ದಿನ ಎಣಿಸುವುದು ಹೇಗೆ?

ಹಸುವಿನ ಕೆಚ್ಚಲು ಬಾತರೆ ಅದೇ ಸಂಜೆ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಅದೇ ಮನೆಯ ಹೆಂಗಸಿನ ಎದೆ ಬಾತರೆ ಮೂರು ತಿಂಗಳು ಅರಿಶಿನದ ಲೇಪ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಷ್ಟೂ ವರ್ಷ ಇದನ್ನು ನೋಡಿ ಹೊಟ್ಟೆ ಉರಿದಿದೆ. "ಗಂಟು ಏನೂ ಇಲ್ಲ ಸಿಸ್ಟರ್, ಸುಮ್ನೆ ಕೆಂಪಾಗಿದೆ ಅಷ್ಟೇ" ಎಂದೇ ಎಲ್ಲರೂ ಮಾತು ಶುರು ಮಾಡುತ್ತಿದ್ದರು.

ಗಂಟಿಲ್ಲದೆ ಬರುವ ಸ್ತನ ಕ್ಯಾನ್ಸರ್ ಕೂಡ ಇದೆ. ಡಾಕ್ಟರುಗಳು ಅದನ್ನು ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್ ಎನ್ನುತ್ತಾರೆ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ 1ರಿಂದ 5 ಮಾತ್ರ ಈ ಬಗೆಯವು. ಚರ್ಮದೊಳಗೆ ನೀರು ಹರಿದುಹೋಗುವ ಸಣ್ಣ ನಾಳಗಳಿವೆ. ಕ್ಯಾನ್ಸರ್ ಕಣಗಳು ಅಲ್ಲಿ ಸಿಕ್ಕಿಕೊಂಡು ದಾರಿ ಕಟ್ಟಿಬಿಡುತ್ತವೆ. ಅದಕ್ಕೇ ಊತ, ಕೆಂಪು, ಬಿಸಿ. ಇದರಲ್ಲಿ ಸೋಂಕು ಇರುವುದಿಲ್ಲ, ಹಾಗಾಗಿ ಆ್ಯಂಟಿಬಯಾಟಿಕ್‌ಗೆ ಇದು ಬಗ್ಗುವುದಿಲ್ಲ. ವಾರಗಳಲ್ಲೇ ಬೆಳೆಯುತ್ತದೆ. ಪತ್ತೆಯಾಗುವ ಹೊತ್ತಿಗೆ ನಾಲ್ಕು ಹಂತಗಳಲ್ಲಿ ಕಡಿಮೆಯೆಂದರೂ ಮೂರನೇ ಹಂತದಲ್ಲಿರುತ್ತದೆ.

ಹೆದರಬೇಡಿ. ಕೆಂಪಾದ ಎದೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬಾಣಂತಿಗೆ ಹಾಲು ಕಟ್ಟಿ ಆಗುವ ಬಾವೇ ಜಾಸ್ತಿ, ಅದು ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಈ ಎರಡನ್ನು ಬೇರೆ ಮಾಡಿ ತೋರಿಸುವುದು ದಿನಗಳ ಲೆಕ್ಕ. ಜನ ತಪ್ಪುವುದೂ ಅಲ್ಲೇ.

1. ಕನ್ನಡಿ ಮುಂದೆ ನಿಲ್ಲಿ

ಹಗಲು ಬೆಳಕಿನಲ್ಲಿ, ಮೇಲುಡುಪು ತೆಗೆದು. ಮೊದಲು ಕೈ ಇಳಿಬಿಟ್ಟು, ಆಮೇಲೆ ಕೈ ಎತ್ತಿ. ಎರಡೂ ಎದೆಯನ್ನು ಹೋಲಿಸಿ ನೋಡಿ. ಕಿತ್ತಳೆ ಸಿಪ್ಪೆಯಲ್ಲಿ ಚುಕ್ಕಿ ಚುಕ್ಕಿ ಗುಳಿ ಇರುತ್ತದಲ್ವಾ, ಚರ್ಮ ಹಾಗೆ ಆಗಿದೆಯಾ? ಒಂದು ಎದೆ ಕೆಲವೇ ವಾರದಲ್ಲಿ ದೊಡ್ಡದಾಗಿ, ಭಾರವಾಗಿದೆಯಾ? ತೊಟ್ಟು ಹೊಸದಾಗಿ ಒಳಗೆ ಹೋಗಿದೆಯಾ? ಕಂಕುಳಲ್ಲಿ ಗಂಟು ಸಿಗುತ್ತದೆಯಾ? ಪುಸ್ತಕಗಳ ಚಿತ್ರಗಳಲ್ಲಿ ಕಾಣುವ ಆ ಕೆಂಪು, ಬಿಳಿ ಚರ್ಮದವರದ್ದು. ನಮ್ಮ ಮೈಬಣ್ಣದಲ್ಲಿ ಅದು ನೇರಳೆಯಾಗಿ, ಕಂದಾಗಿ, ಸುಮ್ಮನೆ ಕಪ್ಪಿಟ್ಟ ಹಾಗೂ ಕಾಣಬಹುದು. ಬಣ್ಣ ತಿಳಿಯದಿದ್ದರೆ ಅಂಗೈ ಇಟ್ಟು ಬಿಸಿ ನೋಡಿ.

2. ಲೇಪಗಳನ್ನು ತೊಳೆದುಬಿಡಿ

ಅರಿಶಿನ ಹಚ್ಚಿದರೆ ಚರ್ಮದ ನಿಜವಾದ ಬಣ್ಣವೇ ಗೊತ್ತಾಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಹುಳುಕಡ್ಡಿಗೆಂದು ಕೊಡುವ ಕ್ರೀಮ್ ಅದಕ್ಕಿಂತ ಕೆಟ್ಟದ್ದು. ಅವುಗಳಲ್ಲಿ ಎಷ್ಟೋ ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ, ಕೆಂಪು ಸ್ವಲ್ಪ ತಗ್ಗಿದಂತೆ ಕಂಡು ಮೋಸ ಮಾಡುತ್ತದೆ. ಎದೆಗೆಂದೇ ಮಾರುವ ಎಣ್ಣೆಗಳನ್ನೂ ಮುಟ್ಟಬೇಡಿ. ಬಾಣಂತಿಯಾಗಿದ್ದರೆ ಹಾಲು ಬತ್ತಿಸಲು ಮಲ್ಲಿಗೆ ಹೂ ಕಟ್ಟುವ ಸಮಯ ಇದಲ್ಲ. ಮಗುವಿಗೆ ಹಾಲು ಕೊಡುತ್ತಲೇ ಇರಿ. ತಟ್ಟನೆ ನಿಲ್ಲಿಸಿದರೆ ಬಾವು ಕೀವಾಗಬಹುದು.

3. ಗಡಿ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ, ದಿನ ಎಣಿಸಿ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಬಾಲ್ ಪೆನ್ ತೆಗೆದುಕೊಂಡು ಕೆಂಪು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸುತ್ತ ಗೆರೆ ಎಳೆಯಿರಿ. ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿಗೆ, ಎರಡು ದಿನಕ್ಕೊಮ್ಮೆ ಫೋಟೋ ತೆಗೆಯಿರಿ. ನಾಚಿಕೆ ಬೇಡ, ಫೋನ್ ನಿಮ್ಮದೇ. ಕಣ್ಣು ದಿನಾ ನೋಡಿ ನೋಡಿ ಒಗ್ಗಿಹೋಗುತ್ತದೆ, ಫೋಟೋ ಒಗ್ಗುವುದಿಲ್ಲ.

ಬಾವು ಎಂದು ಡಾಕ್ಟರು ಆ್ಯಂಟಿಬಯಾಟಿಕ್ ಬರೆದರೆ ಮೊದಲ ಮಾತ್ರೆ ನುಂಗಿದ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಬಾವಿಗೆ ಸಾಮಾನ್ಯವಾಗಿ ಚಳಿಜ್ವರ ಇರುತ್ತದೆ, ಔಷಧಿ ಹಿಡಿಯಿತೆಂದರೆ ಎರಡು ಮೂರು ದಿನಕ್ಕೇ ಹಗುರಾಗುತ್ತದೆ. ಕ್ಯಾನ್ಸರ್‌ನ ಊತಕ್ಕೆ ಜ್ವರ ಬರುವುದು ಅಪರೂಪ. ಆ ಗೆರೆ ಏಳರಿಂದ ಹತ್ತು ದಿನದಲ್ಲಿ ಒಳಕ್ಕೆ ಸರಿಯದಿದ್ದರೆ ಅಥವಾ ಕೆಂಪು ಗೆರೆ ದಾಟಿ ಹೊರಗೆ ಹೋಗಿದ್ದರೆ, ಹತ್ತನೇ ದಿನ ನೀವು ಡಾಕ್ಟರ ಮುಂದೆ ಕೂತಿರಬೇಕು. ಜ್ವರ ಏರಿದರೆ, ಕೀವು ತುಂಬಿದಂತೆ ಅನಿಸಿದರೆ ಹತ್ತರವರೆಗೂ ಕಾಯಬೇಡಿ.

ನಾನು ಕಂಡ ಅತಿ ದೊಡ್ಡ ತಪ್ಪು ಆ ದಿನ ನಡೆಯುವುದು. "ಇನ್ನೊಂದು ಕೋರ್ಸ್ ತಗೊಳ್ಳಿ" ಎನ್ನುತ್ತಾರೆ, ಹೆಂಗಸರೂ ಸಮಾಧಾನದಿಂದ ಮನೆಗೆ ಬರುತ್ತಾರೆ. ಹದಿನೈದು ದಿನ ಕಳೆದು ಮೂರನೇ ಕೋರ್ಸ್. ಹೀಗೆ ನಾಲ್ಕು ತಿಂಗಳು ಹೋದವರನ್ನು ಬಲ್ಲೆ. ಎರಡನೇ ಕೋರ್ಸ್ ಬರೆದರೆ ಎದೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ: "ಡಾಕ್ಟ್ರೇ, ಬಯಾಪ್ಸಿ ಬೇಡವಾ?" ನಿಮಗೆ ಮುಟ್ಟು ನಿಂತಿದ್ದರೆ ಅಥವಾ ಎದೆಹಾಲು ಕೊಡುತ್ತಿಲ್ಲದಿದ್ದರೆ, ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ. ಬಾಣಂತಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ ಎನ್ನುವವರ ಮಾತನ್ನೂ ನಂಬಬೇಡಿ, ಅವರಿಗೂ ಬರುತ್ತದೆ.

4. ಸ್ಕ್ಯಾನ್, ಮ್ಯಾಮೊಗ್ರಾಮ್

ಎದೆಯ ಅಲ್ಟ್ರಾಸೌಂಡ್ ಸ್ಕ್ಯಾನ್, ಎದೆಯ ಎಕ್ಸ್‌ರೇ ಆದ ಮ್ಯಾಮೊಗ್ರಾಮ್ ಎರಡೂ ಮಾಡಿಸಿ. ಆದರೆ ಈ ಬಗೆಯ ಕ್ಯಾನ್ಸರ್‌ನಲ್ಲಿ ಗಂಟು ಇಲ್ಲದಿರಬಹುದು, ಆಗ ಮ್ಯಾಮೊಗ್ರಾಮ್ "ನಾರ್ಮಲ್" ಎಂದು ಬರಲೂಬಹುದು. ರಿಪೋರ್ಟ್ ನಾರ್ಮಲ್, ಚರ್ಮ ಕೆಂಪು ಎಂದಾದರೆ ಚರ್ಮದ ಮಾತು ಕೇಳಿ. ಕ್ಯಾಂಪುಗಳಲ್ಲಿ ಶಾಖ ಅಳೆದು ಹೇಳುವ ಥರ್ಮಲ್ ಸ್ಕ್ಯಾನ್ ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಸ್ಕ್ಯಾನ್ ಇಲ್ಲದೆ "ಕೀವು ಇರಬೇಕು" ಎಂದು ಕೊಯ್ಯಲು ಹೊರಟರೆ ಒಪ್ಪಬೇಡಿ.

5. ಬಯಾಪ್ಸಿ

ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಪ್ರತಿ ಊರಲ್ಲೂ ಇದೆ. ಅದು ತಪ್ಪು. ಈ ಮಾತಿಗೆ ಹೆದರಿ ಬಯಾಪ್ಸಿ ಬೇಡವೆಂದು ಎದ್ದುಹೋದವರು ತಿಂಗಳುಗಳನ್ನು ಕಳೆದುಕೊಂಡರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚರ್ಮದಿಂದ ಕೆಲವೇ ಮಿಲಿಮೀಟರ್ ಚೂರು, ಒಳಗಿಂದ ದಪ್ಪ ಸೂಜಿಯಲ್ಲಿ ಎಳೆಯಷ್ಟು ತುಣುಕು ತೆಗೆಯುತ್ತಾರೆ. ಸಣ್ಣ ಸೂಜಿಯಲ್ಲಿ ಕಣಗಳನ್ನಷ್ಟೇ ಎಳೆಯುವ ಎಫ್‌ಎನ್‌ಎಸಿ ಒಂದೇ ಸಾಕು ಎಂದರೆ ದಪ್ಪ ಸೂಜಿಯದ್ದೇ ಕೇಳಿ. ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು ಇಆರ್, ಪಿಆರ್, ಹರ್-2 ಎಂಬ ಪರೀಕ್ಷೆಗಳು ಬೇಕು, ಆ ತುಣುಕು ಅವಕ್ಕೂ ಆಗುತ್ತದೆ. ಚರ್ಮದ ಚೂರಿನಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದಾಗುವುದಿಲ್ಲ. ನಮ್ಮಲ್ಲಿ ಕ್ಷಯವೂ ಒಮ್ಮೊಮ್ಮೆ ಎದೆಯಲ್ಲಿ ಹೀಗೇ ಕಾಣಿಸಿಕೊಳ್ಳುತ್ತದೆ, ಅದನ್ನು ಪತ್ತೆ ಮಾಡಲೂ ತುಣುಕೇ ಬೇಕು.

ಇನ್‌ಫ್ಲಮೇಟರಿ ಎಂದರೆ ಉರಿಯೂತದ್ದು ಎಂದರ್ಥ, ಹಾಗಾದರೆ ಸೊಂಟದ ಕೊಬ್ಬಿನಿಂದ ಆಗುವ ಉರಿಯೂತವೂ ಇದೇನಾ ಎಂದು ಕೇಳುತ್ತಾರೆ. ಮುಟ್ಟು ನಿಂತ ಮೇಲೆ ತೂಕ ಏರಿದರೆ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚುವುದು ನಿಜ. ಕೊಬ್ಬಿನೊಳಗೆ ಸದಾ ಹೊಗೆಯಾಡುವ ಸಣ್ಣ ಉರಿಯೂತ ಅದಕ್ಕೊಂದು ಕಾರಣ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ದಿನಾ ನಡೆಯಿರಿ, ತೂಕ ಇಳಿಸಿ. ಮೇಲೆ ಹೇಳಿದ ಕೆಂಪು ಬೇರೆ.

6. ಕ್ಯಾನ್ಸರ್ ಎಂದು ಬಂದರೆ

ಮೊದಲು ಕಿಮೊಥೆರಪಿ, ಆಮೇಲೆ ಆಪರೇಷನ್, ಕೊನೆಗೆ ರೇಡಿಯೇಶನ್. ಈ ಬಗೆಗೆ ಇದೇ ಕ್ರಮ. "ನಾಳೆಯೇ ತೆಗೆದುಬಿಡೋಣ" ಎನ್ನುವವರ ಹತ್ತಿರ ಸಹಿ ಹಾಕುವ ಮುಂಚೆ ಕ್ಯಾನ್ಸರ್ ಡಾಕ್ಟರನ್ನು ಕಾಣಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವುದಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕಾಗಿ ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಲಿ. ತಿಂದ ಆ್ಯಂಟಿಬಯಾಟಿಕ್‌ಗಳ ಹಳೇ ಚೀಟಿಗಳನ್ನು ಎಸೆಯಬೇಡಿ. ಅವನ್ನೂ, ಬಯಾಪ್ಸಿಯ ಸ್ಲೈಡ್ ಮತ್ತು ಆ ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕ್‌ಗಳನ್ನೂ, ಫೋನಿನಲ್ಲಿರುವ ಆ ಫೋಟೋಗಳನ್ನೂ ಒಟ್ಟಿಗೆ ತೋರಿಸಿ.