ರಾಗಿ ಕೊಯ್ಯುವ ಮುನ್ನ ಗಾಳಿಯ ಒತ್ತಡ ನೋಡಿ: ವಾಯುಭಾರ ಕುಸಿತವನ್ನು ಮನೆಯಲ್ಲೇ ಓದುವುದು ಹೀಗೆ

ನವೆಂಬರ್ ಬಂದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಕೊಯ್ಲು ಶುರು. ಬಂಗಾಳ ಕೊಲ್ಲಿಯಲ್ಲಿ ಒಂದರ ಹಿಂದೊಂದು ವಾಯುಭಾರ ಕುಸಿತ, ಅಂದರೆ ಗಾಳಿಯ ಒತ್ತಡ ಕಡಿಮೆಯಾಗಿ ಮಳೆ ತರುವ ಸುಳಿ, ಏಳುವುದೂ ಅದೇ ಹೊತ್ತಿಗೆ. ಟಿವಿಯಲ್ಲಿ ಚಂಡಮಾರುತ ಅಂದ ತಕ್ಷಣ ಊರಲ್ಲಿ ಎರಡು ಥರದ ತಪ್ಪು ನಡೆಯುತ್ತದೆ. ಕೆಲವರು ಗಾಬರಿಬಿದ್ದು ಸಿಕ್ಕಷ್ಟು ಆಳು ಕರೆದು ಒಂದೇ ದಿನಕ್ಕೆ ಎಲ್ಲ ಕೊಯ್ದು ಮಲಗಿಸುತ್ತಾರೆ. ಇನ್ನು ಕೆಲವರು "ಮದ್ರಾಸಿನ ಮಳೆ ನಮಗೇನು ಮಾಡುತ್ತೆ" ಅಂತ ಕೊಯ್ದ ರಾಗಿಯನ್ನು ಹೊಲದಲ್ಲೇ ಬಿಟ್ಟು ಮದುವೆಗೆ ಹೋಗುತ್ತಾರೆ. ಕೊನೆಗೆ ಆಗುವುದು ಒಂದೇ. ಮೂರು ದಿನ ಸೋನೆ ಹಿಡಿಯುತ್ತದೆ. ನೆಲಕ್ಕೆ ಬಿದ್ದ ತೆನೆ ಎತ್ತಿ ಬಿಡಿಸಿ ನೋಡಿದರೆ ಕಾಳಿನ ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಮೊಳಕೆ. ಹುಲ್ಲು ಕಪ್ಪಾಗಿ ದನಗಳೂ ಮೂಸುವುದಿಲ್ಲ.

ನಿಂತ ರಾಗಿ ಎರಡು ದಿನದ ಸೋನೆಯನ್ನು ಹೇಗೋ ತಡೆದುಕೊಳ್ಳುತ್ತದೆ. ಕೊಯ್ದು ಮಲಗಿಸಿದ್ದು ತಡೆಯುವುದಿಲ್ಲ. ಆದ್ದರಿಂದ ಕುಡುಗೋಲು ಹಿಡಿಯುವ ಮುಂಚೆ ಎರಡು ಮೂರು ದಿನದ ಹವೆ ತಿಳಿದುಕೊಳ್ಳಬೇಕು. ಇದು ಕಷ್ಟದ ಕೆಲಸ ಅಲ್ಲ. ಆದರೆ ಒಂದು ಹಂತದಲ್ಲಿ ಬಹಳ ಜನ ಎಡವುತ್ತಾರೆ.

ಮೊದಲು, ಬುಲೆಟಿನ್ ಓದಿ

ಭಾರತೀಯ ಹವಾಮಾನ ಇಲಾಖೆಯ ಬುಲೆಟಿನ್ ಫೋನಿನಲ್ಲೇ ಸಿಗುತ್ತದೆ. 'ಮೌಸಮ್' ಆ್ಯಪ್ ಇದೆ, ರೈತರಿಗೆ ಅಂತಲೇ 'ಮೇಘದೂತ' ಇದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿಗೆ ಫೋನ್ ಮಾಡಿಯೂ ಕೇಳಬಹುದು. ವಾಟ್ಸಾಪಿನಲ್ಲಿ ಬರುವ ಕೆಂಪು ಬಾಣದ ವಿಡಿಯೊ ನಂಬಬೇಡಿ, ಅದರಲ್ಲಿ ಎಷ್ಟೋ ಸಲ ಹಳೇ ವರ್ಷದ ಚಿತ್ರ ಇರುತ್ತದೆ.

ಬುಲೆಟಿನ್‌ನಲ್ಲಿ ನೋಡಬೇಕಾದ್ದು ಎರಡೇ. ಒಂದು, ಕುಸಿತ ಯಾವ ಹಂತದಲ್ಲಿದೆ. ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ಒಳಗಿದ್ದರೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಇದ್ದರೆ ಡಿಪ್ರೆಶನ್. 50ರಿಂದ 61 ಇದ್ದರೆ ಡೀಪ್ ಡಿಪ್ರೆಶನ್. 62 ದಾಟಿದ ಮೇಲೆ ಚಂಡಮಾರುತ, ಆಗ ಅದಕ್ಕೆ ಹೆಸರು ಇಡುತ್ತಾರೆ. ಎರಡು, ಅದು ಎಲ್ಲಿ ದಡ ಸೇರುತ್ತದೆ. ಪುದುಚೇರಿಯಿಂದ ನೆಲ್ಲೂರಿನ ನಡುವೆ ಅಂದರೆ ಮಳೆ ನಮ್ಮ ಕಡೆಗೇ ಅಂತ ತಿಳಿಯಿರಿ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು, ಡಿಸೆಂಬರ್ ಮೊದಲ ದಿನಗಳಲ್ಲಿ ನಾವು ನೆನೆದೆವು. ಅದರ ಹಿಂದಿನ ವರ್ಷದ ಮಿಚಾಂಗ್ ಚೆನ್ನೈಯನ್ನು ಮುಳುಗಿಸಿದರೂ ಮೇಲಕ್ಕೆ ಸರಿದು ಆಂಧ್ರದ ಬಾಪಟ್ಲಾ ಬಳಿ ದಡ ಸೇರಿತು. ನಮಗೆ ಫೆಂಗಲ್‌ನಷ್ಟು ಕಾಟ ಕೊಡಲಿಲ್ಲ.

ಹೆಸರಿಲ್ಲ ಅಂತ ಮಾತ್ರ ಉದಾಸೀನ ಮಾಡಬೇಡಿ. 2021ರ ನವೆಂಬರ್‌ನಲ್ಲಿ ನಮ್ಮ ಕೆರೆಗಳು ಕೋಡಿ ಬಿದ್ದವಲ್ವಾ? ಆ ತಿಂಗಳ 19ರಂದು ಚೆನ್ನೈ ಬಳಿ ದಡ ಸೇರಿದ್ದು ಬರೀ ಡಿಪ್ರೆಶನ್. ಅದಕ್ಕೆ ಹೆಸರೇ ಇರಲಿಲ್ಲ.

ಎರಡನೆಯದು, ಒತ್ತಡ ನೋಡುವುದು

ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಈಗಿನ ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾರೋಮೀಟರ್ ಆ್ಯಪ್ ಹಾಕಿಕೊಂಡು ಇಂಟರ್ನೆಟ್ ಆಫ್ ಮಾಡಿ, ಫೋನನ್ನು ನೆಲದಿಂದ ಎತ್ತಿ ಮಹಡಿ ಮೇಲಕ್ಕೆ ಒಯ್ದು ನೋಡಿ. ಅಂಕಿ ಚೂರು ಇಳಿದರೆ ಸೆನ್ಸರ್ ಇದೆ. ಕದಲದೆ ಇದ್ದರೆ ಇಲ್ಲ. ಸೆನ್ಸರ್ ಇಲ್ಲದ ಫೋನಿನಲ್ಲಿ ಆ್ಯಪ್ ತೋರಿಸುವುದು ಎಲ್ಲಿಂದಲೋ ತಂದ ಅಂಕಿ, ನಿಮ್ಮ ಹೊಲದ್ದಲ್ಲ.

ಈಗ ಅಂಕಿ ನೋಡಿ. ಕೋಲಾರದಲ್ಲಿ ಸುಮಾರು 915ರ ಆಸುಪಾಸು, ಚಿಕ್ಕಬಳ್ಳಾಪುರದಲ್ಲಿ ಸುಮಾರು 910 ಕಾಣುತ್ತದೆ. ಇದು ಹೆಕ್ಟೊಪ್ಯಾಸ್ಕಲ್ ಲೆಕ್ಕ, ಮಿಲಿಬಾರ್ ಅಂದರೂ ಅದೇ. ಟಿವಿಯಲ್ಲಿ "ಸಮುದ್ರದಲ್ಲಿ ಒತ್ತಡ 1000ಕ್ಕಿಂತ ಕೆಳಗೆ ಇಳಿದಿದೆ" ಅಂದಾಗ ತಮ್ಮ ಫೋನಿನ 915 ನೋಡಿ ಜನ ಹೆದರುತ್ತಾರೆ. ಹೆದರುವ ಅಗತ್ಯ ಇಲ್ಲ. ನಾವು ಇರುವುದು ಸಮುದ್ರ ಮಟ್ಟದಿಂದ 800, 900 ಮೀಟರ್ ಎತ್ತರದಲ್ಲಿ. ಮೇಲೆ ಹೋದಷ್ಟೂ ತಲೆ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ನಮ್ಮ ಎತ್ತರದಲ್ಲಿ ಹೆಚ್ಚುಕಮ್ಮಿ 9 ಮೀಟರ್ ಹತ್ತಿದರೆ 1 ಅಂಕಿ ಇಳಿಯುತ್ತದೆ. ನಂದಿ ಬೆಟ್ಟದ ತುದಿ 1478 ಮೀಟರ್, ಅಲ್ಲಿ 850ರ ಸುತ್ತಮುತ್ತ ಇರುತ್ತದೆ, ಬಿಸಿಲು ಕಾಯುತ್ತಿದ್ದರೂ. ಹವಾಮಾನದ ಆ್ಯಪ್‌ಗಳಲ್ಲಿ 1012, 1014 ಅಂತ ಬರುವುದು ಸಮುದ್ರ ಮಟ್ಟಕ್ಕೆ ಹೊಂದಿಸಿದ ಅಂಕಿ. ಇವೆರಡನ್ನು ಬೆರೆಸಬೇಡಿ.

ಹಾಗಾಗಿ ಒಂದೇ ಜಾಗದಲ್ಲಿ ನೋಡಬೇಕು. ದಿನಾ ಅದೇ ಕಿಟಕಿ, ಅದೇ ಗೂಡು. ಒಂದು ದಿನ ಮನೆಯಲ್ಲಿ, ಇನ್ನೊಂದು ದಿನ ದಿಬ್ಬದ ಹೊಲದಲ್ಲಿ ನೋಡಿದರೆ ಲೆಕ್ಕ ಕೆಡುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲೇ ಚಂಡಮಾರುತ ಬಂದಷ್ಟು ವ್ಯತ್ಯಾಸ ಕಾಣುತ್ತದೆ. ಮನೆ ಒಳಗೋ ಹೊರಗೋ ಅನ್ನುವುದು ಮುಖ್ಯ ಅಲ್ಲ, ಒತ್ತಡ ಎರಡು ಕಡೆಯೂ ಒಂದೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಹೊತ್ತಿನದ್ದು. ಮಾಲೂರಿನ ಕಡೆಯ ಹುಡುಗನೊಬ್ಬ ಫೋನ್ ಮಾಡುತ್ತಾನೆ: "ಅಣ್ಣಾ, ಬೆಳಿಗ್ಗೆ 918 ಇತ್ತು, ಈಗ 914.5. ಸೈಕ್ಲೋನ್ ಬಂದೇಬಿಡ್ತಾ?"

"ಈಗ ಎಷ್ಟೊತ್ತಪ್ಪಾ?"

"ನಾಲ್ಕು ಗಂಟೆ."

ಅಲ್ಲಿಗೆ ಉತ್ತರ ಸಿಕ್ಕಿತು. ನಮ್ಮಂಥ ಬಿಸಿ ಸೀಮೆಯಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ 10 ಮತ್ತು ರಾತ್ರಿ 10ರ ಹೊತ್ತಿಗೆ ಮೇಲೆ. ಮಧ್ಯಾಹ್ನ 4 ಮತ್ತು ಬೆಳಗಿನ ಜಾವ 4ರ ಹೊತ್ತಿಗೆ ಕೆಳಗೆ. ಬಿಸಿಲಿಗೆ ಮೇಲಿನ ಗಾಳಿ ಕಾದು ಇಡೀ ವಾತಾವರಣ ಅಲೆ ಅಲೆಯಾಗಿ ಏರಿಳಿಯುವುದರಿಂದ ಹೀಗಾಗುತ್ತದೆ. ಬೆಳಿಗ್ಗೆಯಿಂದ ಸಂಜೆಗೆ 3, 4 ಅಂಕಿ ಇಳಿಯುವುದು ಒಳ್ಳೇ ಬಿಸಿಲಿನ ದಿನವೂ ಮಾಮೂಲು. ಹೀಗಾಗಿ ಬೆಳಗ್ಗೆಯನ್ನು ಸಂಜೆಗೆ ಹೋಲಿಸಲೇಬಾರದು. ನಿನ್ನೆ 10 ಗಂಟೆಯನ್ನು ಇವತ್ತಿನ 10 ಗಂಟೆಗೆ ಹೋಲಿಸಿ. ಇದೊಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂತೆ.

ಗೋಡೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಬೆಳಿಗ್ಗೆ 10ರ ಅಂಕಿ ಬರೆಯಿರಿ. ಮೊಬೈಲಿನಲ್ಲಿ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಗೋಡೆ ಮೇಲಿದ್ದರೆ ಮನೆಯವರೆಲ್ಲ ನೋಡುತ್ತಾರೆ. ನಿನ್ನೆಗಿಂತ 1 ಕಡಿಮೆ ಆದರೆ ಸುಮ್ಮನಿರಿ. 2 ಕಡಿಮೆ ಆದರೆ ಹೊಸದಾಗಿ ಕೊಯ್ಲು ಶುರು ಮಾಡಬೇಡಿ, ಬುಲೆಟಿನ್ ಮತ್ತೆ ನೋಡಿ. 3 ಅಥವಾ ಅದಕ್ಕಿಂತ ಜಾಸ್ತಿ ಇಳಿದು, ಬುಲೆಟಿನ್‌ನಲ್ಲೂ ಕುಸಿತದ ಸುದ್ದಿ ಇದ್ದರೆ, ಆ ದಿನವೇ ಕೊಯ್ದದ್ದನ್ನು ಒಟ್ಟು ಮಾಡಿ. ಇದು ನಾನು ಪಾಲಿಸುವ ಲೆಕ್ಕ, ನೀವೂ ಪಾಲಿಸಿ. ಆದರೆ ಒತ್ತಡ ಇಳಿಯಲಿಲ್ಲ ಅಂದಮಾತ್ರಕ್ಕೆ ಮಳೆ ಇಲ್ಲ ಅಂತ ಅಲ್ಲ. ಮೂಡಲಿಂದ ಬರುವ ಸಣ್ಣ ಮೋಡದ ಪಟ್ಟಿಗಳು ಅಂಕಿಯನ್ನು ಅಲುಗಿಸದೆಯೂ ಒಂದು ಹದ ಮಳೆ ಸುರಿಸಿ ಹೋಗುತ್ತವೆ. ಅದಕ್ಕೇ ಬುಲೆಟಿನ್ ಮೊದಲು, ಬ್ಯಾರೋಮೀಟರ್ ಆಮೇಲೆ.

ಕೊಳ್ಳುವವರಿಗೆ ಎರಡು ಮಾತು. ಆನ್‌ಲೈನಿನಲ್ಲಿ ಗಾಜಿನ ಬುಡ್ಡಿಯೊಳಗೆ ಬಿಳಿ ಹರಳು ತೇಲುವ 'ಹವಾಮಾನ ಹೇಳುವ ಬಾಟಲಿ' ಮಾರುತ್ತಾರೆ. ದುಡ್ಡು ಹಾಳು ಮಾಡಬೇಡಿ. ಅದರ ಬಾಯಿ ಪೂರ್ತಿ ಮುಚ್ಚಿರುತ್ತದೆ, ಹೊರಗಿನ ಒತ್ತಡ ಒಳಗೆ ಹೋಗುವುದೇ ಇಲ್ಲ. ಹರಳು ಕಟ್ಟುವುದು ಬರೀ ಚಳಿಗೆ. ಹಿತ್ತಾಳೆಯ ಗುಂಡು ಬ್ಯಾರೋಮೀಟರ್ ಒಳ್ಳೆಯದೇ. ಆದರೆ ಅದರ ಮುಖದ ಮೇಲೆ ಬರೆದಿರುವ ಮಳೆ, ಬಿಸಿಲು ಅನ್ನುವ ಅಕ್ಷರಗಳನ್ನು ಲೆಕ್ಕಕ್ಕೆ ಇಡಬೇಡಿ. ಅವು ಯೂರೋಪಿನ ಹವೆಗೆ ಬರೆದವು. ಮುಳ್ಳು ನಿನ್ನೆಗಿಂತ ಎತ್ತ ಸರಿದಿದೆ ಅನ್ನುವುದಷ್ಟೇ ನಮಗೆ ಬೇಕು. ಇನ್ನೊಂದು, ನಮ್ಮ ಎತ್ತರದ ಅಂಕಿ ತೋರಿಸುವಷ್ಟು ಕೆಳಗೆ ಅದರ ಮುಳ್ಳು ಹೋಗುತ್ತದಾ ಅಂತ ಕೇಳಿಯೇ ತಗೊಳ್ಳಿ.

ಮೂರನೆಯದು, ಗಾಳಿ ಎಲ್ಲಿಂದ ಬೀಸುತ್ತಿದೆ

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಕಡಿಮೆ ಒತ್ತಡ ನಿಮ್ಮ ಎಡಗೈ ಕಡೆ, ಸ್ವಲ್ಪ ಮುಂದಕ್ಕೆ ಇರುತ್ತದೆ. 1857ರಲ್ಲಿ ಬೈಸ್ ಬಾಲಟ್ ಅನ್ನುವ ಡಚ್ ವಿಜ್ಞಾನಿ ಹೇಳಿದ ನಿಯಮ ಇದು, ಸಮಭಾಜಕದ ಹತ್ತಿರ ಬಿಟ್ಟರೆ ಭೂಮಿಯ ಉತ್ತರ ಅರ್ಧದಲ್ಲಿ ಎಲ್ಲೆಡೆ ನಡೆಯುತ್ತದೆ. ಗಾಳಿ ಬಡಗಲಿಂದ ಬಂದರೆ ಕುಸಿತ ನಮಗೆ ಮೂಡಲಲ್ಲಿ, ಕೊಲ್ಲಿಯ ಕಡೆ ಇದೆ, ಇನ್ನೂ ಬರಬೇಕು. ಗಾಳಿ ತೆಂಕಲಿಗೆ ತಿರುಗಿತು ಅಂದರೆ ಅದು ನಮ್ಮನ್ನು ದಾಟಿ ಪಡುವಲಕ್ಕೆ ಹೋಗಿದೆ. ಬೆಟ್ಟದ ಸಂದಿನಲ್ಲಿ, ಮನೆಗಳ ನಡುವೆ ನೋಡಬೇಡಿ, ಅಲ್ಲಿ ಗಾಳಿ ಸುತ್ತಿಕೊಂಡು ಬರುತ್ತದೆ. ಬಯಲಲ್ಲಿ ನಿಂತು ನೋಡಿ.

ನಾಲ್ಕನೆಯದು, ತೀರ್ಮಾನ

ಬಲಿತ ರಾಗಿ ನೆಟ್ಟಗೆ ನಿಂತಿದ್ದು ಮಳೆಗೆ ಎರಡು ದಿನವೂ ಇಲ್ಲದಿದ್ದರೆ ಬಿಡಿ, ಮುಟ್ಟಬೇಡಿ. ಆಗಲೇ ವಾಲಿ ನೆಲ ಮುಟ್ಟುತ್ತಿದ್ದರೆ ಆ ಭಾಗ ಮಾತ್ರ ಕೊಯ್ದು ಅದೇ ದಿನ ಸೂರಿನ ಕೆಳಗೆ ತನ್ನಿ. ಮೂರು ನಾಲ್ಕು ದಿನ ಬಿಸಿಲು ಗ್ಯಾರಂಟಿ ಇದ್ದರೆ ಮಾತ್ರ ಕೊಯ್ದು ಹೊಲದಲ್ಲಿ ಒಣಗಲು ಬಿಡಿ. ರೇಷ್ಮೆ ಇರುವವರು ಮಳೆಗೆ ಮುಂಚೆಯೇ ಸೊಪ್ಪು ಕೊಯ್ದು ಒದ್ದೆ ಗೋಣಿ ಮುಚ್ಚಿ ಇಟ್ಟುಕೊಳ್ಳಿ. ನೀರು ಇಳಿಯುವ ಸೊಪ್ಪು ಹಾಕಿದರೆ, ಈ ಚಳಿ ಥಂಡಿಯಲ್ಲಿ ಸುಣ್ಣಕಟ್ಟು ರೋಗ ಕಾದೇ ಇರುತ್ತದೆ.

ಐದನೆಯದು, ಕೊಯ್ದ ರಾಗಿಯ ಮೆದೆ ಒಟ್ಟುವುದು

ಕೆಳಗೆ ಕಲ್ಲು ಚಪ್ಪಡಿ ಇಲ್ಲವೇ ಮರದ ದಿಮ್ಮಿ ಹಾಕಿ, ನೆಲದ ತೇವ ತಾಗಬಾರದು. ತೆನೆ ಒಳಗೆ, ಬುಡ ಹೊರಗೆ. ನಡು ಎತ್ತರಿಸುತ್ತಾ ಬನ್ನಿ, ಬುಡದ ಕಡೆ ಇಳಿಜಾರಾದರೆ ನೀರು ಹೊರಗೇ ಹರಿದು ಹೋಗುತ್ತದೆ. ಒದ್ದೆ ಕಂತೆ ಒಂದನ್ನೂ ಒಳಗೆ ಸೇರಿಸಬೇಡಿ.

ಟಾರ್ಪಾಲನ್ನು ನೆಲದವರೆಗೆ ಎಳೆದು ಬಿಗಿಯಬೇಡಿ. ಬಹಳ ಜನ ಹೀಗೇ ಮಾಡುತ್ತಾರೆ, ಒಳಗೆ ಬೆವರಿ ರಾಗಿ ಬೂಜು ಹಿಡಿಯುತ್ತದೆ. ಸುತ್ತಲೂ ಒಂದು ಮೊಳ ಬಿಟ್ಟು ಕಟ್ಟಿ, ಗಾಳಿ ಆಡಲಿ. ಸಂತೆಯಲ್ಲಿ ಸಿಗುವ ತೆಳು ನೀಲಿ ಹಾಳೆ ಒಂದೇ ಗಾಳಿಗೆ ಹರಿಯುತ್ತದೆ. ತಗೊಳ್ಳುವಾಗ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಕಡಿಮೆ ಬೇಡ.

ಮಳೆ ನಿಂತ ಮೇಲೆ

ಗಾಳಿ ತೆಂಕಲಿಗೆ ತಿರುಗಿ, ಬೆಳಿಗ್ಗೆ 10ರ ಅಂಕಿ ಎರಡು ದಿನ ಏರಿದರೆ ಕುಸಿತ ಮುಗಿಯಿತು. ಆದರೆ ಈ ತಿಂಗಳುಗಳಲ್ಲಿ ವಾರದೊಳಗೆ ಇನ್ನೊಂದು ಏಳುವುದುಂಟು. 2021ರಲ್ಲಿ ನವೆಂಬರ್ 11ಕ್ಕೆ ಒಂದು, 19ಕ್ಕೆ ಇನ್ನೊಂದು ಚೆನ್ನೈ ಬಳಿ ದಡ ಸೇರಿದವು. ಆದ್ದರಿಂದ ನಡುವಿನ ಬಿಸಿಲಲ್ಲಿ ಮೊದಲು ಒಕ್ಕಣೆ ಮುಗಿಸಿ, ಹೊಸ ಕೊಯ್ಲು ಆಮೇಲೆ.

ಒಕ್ಕಣೆಗೆ ಮುಂಚೆ ಮೆದೆಯೊಳಗೆ ಮೊಳಕೈವರೆಗೂ ಕೈ ತೂರಿಸಿ. ಬಿಸಿ ತಗುಲಿದರೆ ಅವತ್ತೇ ಬಿಚ್ಚಿ ಹರಡಿ. ಮೊಳಕೆ ಕಂಡ ತೆನೆಗಳನ್ನು ಬೇರೆ ಮಾಡಿ, ಬಿತ್ತನೆಗೆ ಇಡಬೇಡಿ. ಬೆಂಬಲ ಬೆಲೆಗೆ ಕೊಡುವವರ ರಾಗಿಯಲ್ಲಿ ತೇವ ಶೇ 12 ದಾಟುವಂತಿಲ್ಲ. ಕಾಳು ಹಲ್ಲಿಗೆ ಕೊಟ್ಟಾಗ ಟಕ್ ಅಂತ ಒಡೆಯುವವರೆಗೂ ಚೀಲದ ಬಾಯಿ ಹೊಲಿಯಬೇಡಿ.